ಗೋಜ಼ು, ಗೋಸೊ: ಸುಖವನ್ನು ಹೇಳುವ ಒಂದು ಪದದ ಹುಟ್ಟು ಮತ್ತು ಅರ್ಥದ ಕುರಿತು

ಅನುವಾದಕಿ (ಧಾರವಾಡ):

ವೇದಿಕೆಯ ಎಲ್ಲರಿಗೂ ನಮಸ್ಕಾರ. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಒಂದೇ ಕಾಗುಣಿತದಲ್ಲಿ ಬರೆಯುವ ಒಂದು ಪದ ಕೆಲವು ವಾರಗಳಿಂದ ನನ್ನ ಕೆಲಸವನ್ನು ತಡೆದು ನಿಲ್ಲಿಸಿದೆ. ಪೋರ್ಚುಗೀಸರು ಅದನ್ನು ‘ಗೋಜ಼ು’ ಎನ್ನುತ್ತಾರೆ, ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಭಾಷಿಕರು ‘ಗೋಸೊ’ ಎನ್ನುತ್ತಾರೆ, ಸ್ಪೇನಿನ ಬಹುಭಾಗದವರು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ‘ಗೋಥೊ’ ಎಂಬಂತೆ ಉಚ್ಚರಿಸುತ್ತಾರೆ. ನಿಘಂಟು ತೆರೆದರೆ ಸುಖ, ಸಂತೋಷ, ಆನಂದ ಎಂಬ ಅರ್ಥಗಳು ಸಿಗುತ್ತವೆ. ಆದರೆ ನನ್ನ ಮುಂದಿರುವ ಮೂರು ಪಠ್ಯಗಳಲ್ಲಿ ಈ ಅರ್ಥಗಳು ಒಂದಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲನೆಯದು ಕನ್ಯೆ ಮೇರಿಯ ಏಳು ‘ಗೋಸೊ’ಗಳನ್ನು ಕೊಂಡಾಡುವ ಒಂದು ಭಕ್ತಿಗೀತೆ. ಎರಡನೆಯದು ‘ಪೌರಹಕ್ಕುಗಳ ಪೂರ್ಣ ಗೋಜ಼ು’ ಉಳ್ಳವರು ಮಾತ್ರ ಅರ್ಜಿ ಹಾಕಬಹುದು ಎನ್ನುವ ಪೋರ್ಚುಗೀಸ್ ಅಧಿಸೂಚನೆ. ಮೂರನೆಯದು ಬ್ರೆಜಿಲ್‌ನ ಒಂದು ಸಣ್ಣಕತೆ, ಅಲ್ಲಿ ಅದೇ ಪದ ಮೈಯ ಸುಖದ ತುತ್ತತುದಿಯನ್ನು ಹೇಳುತ್ತದೆ. ದೇವಮಾತೆಯ ಸಂಭ್ರಮ, ಸರ್ಕಾರಿ ಹಕ್ಕು ಮತ್ತು ಹಾಸಿಗೆಯ ಸುಖ ಒಂದೇ ಪದದೊಳಗೆ ಹೇಗೆ ಕೂಡಿ ಬದುಕುತ್ತಿವೆ? ಇದರ ಮೂಲ ಯಾವುದು? ಮೂರಕ್ಕೂ ಸಲ್ಲುವ ಕನ್ನಡ ಪದ ಒಂದು ಇದೆಯೆ, ಅಥವಾ ಮೂರು ಕಡೆ ಮೂರು ಪದ ಬಳಸಿ ಮುಂದೆ ಹೋಗಬೇಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪದಮೂಲ:

ಮೇಡಂ, ಮೂಲದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅರ್ಥದ ಕವಲುಗಳು ಅಲ್ಲಿಂದಲೇ ಹೊರಡುತ್ತವೆ. ಪದದ ತಾಯಿ ಲ್ಯಾಟಿನ್ನಿನ ‘ಗೌದಿಯುಮ್’. ಇದು ‘ಗೌದೇರೆ’, ಅಂದರೆ ಹಿಗ್ಗು, ಸಂತೋಷಪಡು ಎಂಬ ಕ್ರಿಯಾಪದದಿಂದ ಬಂದ ನಾಮಪದ. ಗ್ರೀಕಿನಲ್ಲಿ ಹಿಗ್ಗುವುದನ್ನು ಹೇಳುವ ‘ಗೇಥೆಯೊ’ ಇದರ ದೂರದ ಬಂಧು. ಈ ಒಂದೇ ಲ್ಯಾಟಿನ್ ಪದದ ಬಹುವಚನ ‘ಗೌದಿಯಾ’ ಫ್ರೆಂಚಿನಲ್ಲಿ ‘ಝ್ವಾ’ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಹೋಗಿ ನಮಗೆಲ್ಲ ಪರಿಚಿತವಾದ ‘ಜಾಯ್’ ಆಯಿತು. ಸ್ಪೇನಿನ ಈಶಾನ್ಯ ಭಾಗದ ಭಾಷೆಯಾದ ಕತಲಾನಿನಲ್ಲಿ ಅದು ‘ಗೋಚ್’ ಎಂದಾಗಿದೆ. ಹೊರಗಿನಿಂದ ನೋಡಿದರೆ ಈ ಪದಗಳಿಗೆ ಒಂದಕ್ಕೊಂದು ಹೋಲಿಕೆಯೇ ಕಾಣದು, ಆದರೂ ಎಲ್ಲವೂ ಒಂದೇ ಬಸಿರಿನವು.

ಸ್ಪ್ಯಾನಿಷ್ ರೂಪದಲ್ಲಿ ಕುತೂಹಲ ಹುಟ್ಟಿಸುವುದು ನಡುವಿನ ‘ಜ಼’ (z) ಅಕ್ಷರ, ಉಚ್ಚಾರ ‘ಸ’ ಎಂದಿದ್ದರೂ ಬರೆಯುವುದು ಇದನ್ನೇ. ಲ್ಯಾಟಿನ್ನಿನ ‘ದಿ’ ಮುಂದೆ ಸ್ವರ ಬಂದಾಗ ಸ್ಪ್ಯಾನಿಷಿನಲ್ಲಿ ಅದು ಸಾಮಾನ್ಯವಾಗಿ ‘ಯ’ಕಾರವಾಗುತ್ತದೆ. ಕಿರಣವನ್ನು ಹೇಳುವ ‘ರಾದಿಯುಮ್’ ಅಲ್ಲಿ ‘ರಾಯೊ’ ಆಗಿದೆ, ಕಟ್ಟೆಯನ್ನು ಹೇಳುವ ‘ಪೋದಿಯುಮ್’ ಅಲ್ಲಿ ‘ಪೋಯೊ’ ಆಗಿದೆ. ಈ ಲೆಕ್ಕದಲ್ಲಿ ‘ಗೌದಿಯುಮ್’ ಎಂಬುದು ‘ಗೋಯೊ’ ಆಗಬೇಕಿತ್ತು. ಆದರೆ ‘ದಿ’ಯ ಹಿಂದೆ ವ್ಯಂಜನವಿದ್ದರೆ ನಿಯಮ ಬೇರೆ. ನಾಚಿಕೆಯನ್ನು ಹೇಳುವ ‘ವೆರೆಕುಂದಿಯಾ’ ಎಂಬುದು ‘ವೆರ್ಗುಎನ್ಸಾ’ ಆಗಿದೆ, ಕಣ್ಣರೆಪ್ಪೆಯ ಕುರುವನ್ನು ಹೇಳುವ ‘ಹೋರ್ದಿಯೊಲುಮ್’ ಎಂಬುದು ‘ಓರ್ಸುಎಲೊ’ ಆಗಿದೆ. ಎರಡರಲ್ಲೂ ಬರೆಯುವುದು ಅದೇ ‘ಜ಼’ ಅಕ್ಷರವನ್ನು.

‘ಗೌದಿಯುಮ್’ ಪದದಲ್ಲಿ ‘ದಿ’ಯ ಹಿಂದೆ ವ್ಯಂಜನವಿಲ್ಲವಲ್ಲ ಎಂದು ಕೇಳಬಹುದು. ಅಲ್ಲಿರುವ ‘ಔ’ ಸಂಧ್ಯಕ್ಷರದ ಎರಡನೆಯ ಅರ್ಧವು ‘ವ’ಕಾರದಂತೆ ವರ್ತಿಸಿ ವ್ಯಂಜನದ ಕೆಲಸ ಮಾಡಿತು ಎಂಬುದು ಭಾಷಾಶಾಸ್ತ್ರಜ್ಞರ ವಿವರಣೆ. ಇದಕ್ಕೆ ಬೇರೆ ಕಡೆಯಿಂದ ಸಾಕ್ಷಿಯೂ ಇದೆ. ಎರಡು ಸ್ವರಗಳ ನಡುವಿನ ‘ಕ’ ಸ್ಪ್ಯಾನಿಷಿನಲ್ಲಿ ‘ಗ’ ಆಗುತ್ತದೆ, ‘ಲಾಕುಮ್’ ಎಂಬ ಕೆರೆ ‘ಲಾಗೊ’ ಆದದ್ದು ಹೀಗೆ. ಆದರೆ ‘ಪೌಕುಮ್’ ಎಂಬುದು ‘ಪೋಕೊ’ ಆಗಿಯೇ ಉಳಿಯಿತು, ‘ಪೋಗೊ’ ಆಗಲಿಲ್ಲ. ‘ಔ’ವಿನ ಬಾಲ ಅಡ್ಡ ನಿಂತು ‘ಕ’ವನ್ನು ಕಾಯಿತು. ಅದೇ ಬಾಲ ‘ಗೌದಿಯುಮ್’ ಪದದಲ್ಲಿ ‘ಯ’ಕಾರದ ದಾರಿಯನ್ನು ತಡೆದು ‘ಜ಼’ಕಾರದ ದಾರಿಗೆ ತಿರುಗಿಸಿತು.

ಸಂದೇಹಿ:

ವಿವರಣೆ ಅಚ್ಚುಕಟ್ಟಾಗಿದೆ, ಆದರೆ ಒಂದು ಎದುರು ಉದಾಹರಣೆಯನ್ನು ಮುಂದಿಡಲೇಬೇಕು. ಕೇಳುತ್ತೇನೆ ಎಂಬ ಅರ್ಥದ ಲ್ಯಾಟಿನ್ ‘ಔದಿಯೊ’ ಪದದಲ್ಲಿಯೂ ಅದೇ ‘ಔ’ ಇದೆ, ಅದೇ ‘ದಿ’ ಇದೆ, ಮುಂದೆ ಸ್ವರವೂ ಇದೆ. ಅದು ಹಳೆಯ ಸ್ಪ್ಯಾನಿಷಿನಲ್ಲಿ ‘ಓಯೊ’ ಆಗಿದೆಯೇ ಹೊರತು ‘ಓಜ಼ೊ’ ಆಗಿಲ್ಲ. ‘ಔ’ವಿನ ಬಾಲಕ್ಕೆ ಅಷ್ಟು ಬಲವಿದ್ದರೆ ಇಲ್ಲೇಕೆ ಅದು ಸೋತಿತು? ಒಂದು ಪದಕ್ಕೆ ಒಂದು ನಿಯಮ, ಇನ್ನೊಂದು ಪದಕ್ಕೆ ಇನ್ನೊಂದು ಎನ್ನುವುದಾದರೆ ಅದನ್ನು ನಿಯಮವೆಂದು ಕರೆಯುವುದು ಕಷ್ಟ.

ಪದಮೂಲ:

ಸರ್, ತಮ್ಮ ಆಕ್ಷೇಪ ಸರಿಯಾದ ಜಾಗಕ್ಕೇ ತಾಗಿದೆ. ನನಗೆ ತೋರುವ ಸಮಾಧಾನ ಇಷ್ಟು. ಕ್ರಿಯಾಪದದ ಒಂದು ರೂಪ ಒಂಟಿಯಾಗಿ ಬಾಳುವುದಿಲ್ಲ, ತನ್ನ ಒಡಹುಟ್ಟಿದ ರೂಪಗಳ ಒತ್ತಡದಲ್ಲಿ ಬಾಳುತ್ತದೆ. ನೀನು ಕೇಳುತ್ತೀ, ಅವನು ಕೇಳುತ್ತಾನೆ ಎಂಬ ರೂಪಗಳು ‘ಓಯೆಸ್’, ‘ಓಯೆ’ ಎಂದಿರುವಾಗ ನಾನು ಕೇಳುತ್ತೇನೆ ಎಂಬುದು ಮಾತ್ರ ‘ಓಜ಼ೊ’ ಎಂದಾಗಿ ಒಂಟಿಯಾಗಿ ನಿಲ್ಲುವುದು ಕಷ್ಟ. ‘ಗೋಸೊ’ ನಾಮಪದವಾದ್ದರಿಂದ ಅದನ್ನು ಹಾಗೆ ಎಳೆಯುವವರು ಯಾರೂ ಇರಲಿಲ್ಲ. ಇದರಿಂದ ತಮಗೆ ಪೂರ್ಣ ತೃಪ್ತಿಯಾಗದಿದ್ದರೆ ಅದನ್ನೂ ಒಪ್ಪುತ್ತೇನೆ. ಇಂಥ ಪದಗಳು ಬೆರಳೆಣಿಕೆಯಷ್ಟೇ ಇರುವಾಗ ನಿಯಮದ ಗಟ್ಟಿತನವೂ ಅಷ್ಟೇ ಇರುತ್ತದೆ.

ಲಿಸ್ಬನ್ ನಿವಾಸಿ:

ನಾನು ಪದಗಳ ಇತಿಹಾಸ ಓದಿದವನಲ್ಲ, ಆದರೆ ಪೋರ್ಚುಗೀಸ್ ಆಡುವ ಊರಿನಲ್ಲಿ ಹಲವು ವರ್ಷಗಳಿಂದ ಬದುಕುತ್ತಿದ್ದೇನೆ. ಹಾಗಾಗಿ ಬಳಕೆಯ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಪೋರ್ಚುಗಲ್‌ನಲ್ಲಿ ‘ಗೋಜ಼ಾರ್’ ಕ್ರಿಯಾಪದವನ್ನು ದಿನನಿತ್ಯ ಕೇಳುತ್ತೇವೆ, ಆದರೆ ಅದು ಹೆಚ್ಚಾಗಿ ಸುಖವನ್ನು ಹೇಳುವುದಿಲ್ಲ, ಗೇಲಿ ಮಾಡುವುದನ್ನು ಹೇಳುತ್ತದೆ. ಯಾರಾದರೂ ನಂಬಲಾಗದ ಸುದ್ದಿ ತಂದರೆ ‘ಶ್ತಾಶ್ ಅ ಗುಜ಼ಾರ್?’ ಎಂದು ಕೇಳುತ್ತಾರೆ, ತಮಾಷೆ ಮಾಡುತ್ತಿದ್ದೀಯಾ ಎಂದು ಅದರ ಅರ್ಥ. ಕಚೇರಿಯಲ್ಲಿ ರಜೆ ತೆಗೆದುಕೊಂಡು ಅನುಭವಿಸುವುದಕ್ಕೂ ಅದೇ ಕ್ರಿಯಾಪದ. ರಜೆಯ ಅರ್ಜಿಯಲ್ಲಿ ಅದನ್ನು ಬರೆಯಲು ಯಾರಿಗೂ ಸಂಕೋಚವಿಲ್ಲ.

ಬ್ರೆಜಿಲ್‌ನವರ ಜೊತೆ ಮಾತಾಡುವಾಗ ಎಚ್ಚರ ಬೇಕು. ಅಲ್ಲಿಯೂ ‘ಗೋಜ಼ಾದು’ ಎಂದರೆ ತಮಾಷೆಯದು, ವಿಚಿತ್ರವಾದದ್ದು ಎಂಬ ಅರ್ಥವಿದೆ, ಆದರೆ ಕ್ರಿಯಾಪದವನ್ನು ಯಾವ ಕರ್ಮಪದವೂ ಇಲ್ಲದೆ ಬರಿದಾಗಿ ಬಳಸಿದರೆ ಆಡುಮಾತಿನಲ್ಲಿ ಅದು ಅನುವಾದಕಿಯವರು ಹೇಳಿದ ಮೂರನೆಯ ಅರ್ಥವನ್ನೇ ಕೊಡುತ್ತದೆ. ನಿನ್ನೆಯ ಔತಣ ಬಹಳ ಚೆನ್ನಾಗಿತ್ತು ಎಂದು ಹೇಳಲು ಹೊಸಬರು ಈ ಕ್ರಿಯಾಪದವನ್ನು ಬಳಸಬಾರದು. ಸ್ಪ್ಯಾನಿಷ್ ಕಲಿತು ಪೋರ್ಚುಗೀಸಿಗೆ ಬರುವವರು ಇಲ್ಲಿಯೇ ಎಡವುತ್ತಾರೆ, ಏಕೆಂದರೆ ಕೆರಿಬಿಯನ್ ತೀರದ ಸ್ಪ್ಯಾನಿಷಿನಲ್ಲಿ ‘ಆ ಗೋಸಾರ್!’ ಎಂಬುದು ಹಾಡು ಕುಣಿತಗಳ ನಡುವೆ ಎಲ್ಲರೂ ಕೂಗುವ ಮಾತು, ಬನ್ನಿ, ಮಜಾ ಮಾಡೋಣ ಎಂಬಷ್ಟೇ ಅದರ ಭಾವ.

ಪದಮೂಲ:

ಲಿಸ್ಬನ್‌ನ ಗೆಳೆಯರ ಮಾತಿಗೆ ಕೂಡಿಸಬೇಕಾದ ಒಂದು ಸಂಗತಿ ಇದೆ, ನನ್ನ ಮಟ್ಟಿಗೆ ಈ ಪದದ ಕತೆಯಲ್ಲಿ ಅತ್ಯಂತ ಚೆಲುವಾದ ಭಾಗ ಇದು. ಪೋರ್ಚುಗೀಸಿನ ‘ಗೋಜ಼ು’ ಪೋರ್ಚುಗೀಸ್ ಮನೆಯಲ್ಲಿ ಹುಟ್ಟಿದ್ದಲ್ಲ, ಪಕ್ಕದ ಕಸ್ತೀಲಿಯನ್, ಅಂದರೆ ಸ್ಪ್ಯಾನಿಷ್ ಮನೆಯಿಂದ ಬಂದದ್ದು. ಇದನ್ನು ಧ್ವನಿಯೇ ಹೇಳುತ್ತದೆ. ಲ್ಯಾಟಿನ್ನಿನ ‘ಔ’ ಸ್ಪ್ಯಾನಿಷಿನಲ್ಲಿ ಬರಿಯ ‘ಓ’ ಆಗುತ್ತದೆ, ಪೋರ್ಚುಗೀಸಿನಲ್ಲಿ ‘ಓಉ’ ಎಂದು ಬರೆಯುವ ಸಂಧ್ಯಕ್ಷರವಾಗಿ ಉಳಿಯುತ್ತದೆ. ಚಿನ್ನ ಸ್ಪೇನಿನಲ್ಲಿ ‘ಓರೊ’, ಪೋರ್ಚುಗಲ್‌ನಲ್ಲಿ ‘ಓಉರು’. ಸ್ವಲ್ಪ ಎಂಬುದು ಅಲ್ಲಿ ‘ಪೋಕೊ’, ಇಲ್ಲಿ ‘ಪೋಉಕು’. ಹೀಗಿರುವಾಗ ಪೋರ್ಚುಗೀಸಿನ ‘ಗೋಜ಼ು’ ಪದದಲ್ಲಿ ಬರಿಯ ‘ಓ’ ಇರುವುದೇ ಅದು ಹೊರಗಿನಿಂದ ಬಂದ ನೆಂಟ ಎಂಬುದಕ್ಕೆ ಗುರುತು.

ಹಾಗಾದರೆ ಮನೆಯ ಮಗು ಎಲ್ಲಿ ಹೋಯಿತು? ಅದು ಹಳೆಯ ಹಾಡುಗಳಲ್ಲಿದೆ. 1252ರಿಂದ 1284ರವರೆಗೆ ಕಸ್ತೀಲವನ್ನು ಆಳಿದ ಹತ್ತನೆಯ ಅಲ್ಫೋನ್ಸೊ ದೊರೆ ತನ್ನ ರಾಜ್ಯದ ಕಸ್ತೀಲಿಯನ್ ಭಾಷೆಯನ್ನು ಬಿಟ್ಟು ಪೋರ್ಚುಗೀಸಿನ ಹಳೆಯ ರೂಪವಾದ ಗಲಿಸಿಯನ್-ಪೋರ್ಚುಗೀಸ್ ಭಾಷೆಯಲ್ಲಿ ಮೇರಿಯ ಮೇಲೆ ನೂರಾರು ಹಾಡುಗಳನ್ನು ಕಟ್ಟಿಸಿದ. ಆ ಸಂಗ್ರಹದ ಮೊದಲನೆಯ ಹಾಡು ಮೇರಿ ತನ್ನ ಮಗನಿಂದ ಪಡೆದ ಏಳು ‘ಗೋಯೊ’ಗಳನ್ನು ನೆನೆಯುತ್ತದೆ. ಹೌದು, ಸ್ಪ್ಯಾನಿಷಿನಲ್ಲಿ ಆಗಬೇಕಿತ್ತು, ಆಗಲಿಲ್ಲ ಎಂದು ನಾನು ಮೊದಲ ಉತ್ತರದಲ್ಲಿ ಹೇಳಿದ ಅದೇ ರೂಪ ಇದು. ಅನುವಾದಕಿಯವರ ಕೈಯಲ್ಲಿರುವ ಗೀತೆಯೂ ಇದೇ ಏಳು ಸಂಭ್ರಮಗಳ ಪರಂಪರೆಗೆ ಸೇರಿದ್ದು. ಮುಂದೆ ಈ ದೇಸಿ ಪದ ‘ಗೋಯ್ವು’ ಎಂಬ ರೂಪ ತಾಳಿತು, ಸುಖದ ಅರ್ಥವನ್ನು ಕಸ್ತೀಲದ ನೆಂಟನಿಗೆ ಬಿಟ್ಟುಕೊಟ್ಟಿತು. ಇಂದು ಪೋರ್ಚುಗಲ್‌ನ ತೋಟಗಳಲ್ಲಿ ‘ಗೋಯ್ವು’ ಎಂದರೆ ಗೊಂಚಲು ಗೊಂಚಲಾಗಿ ಅರಳುವ ಸುವಾಸನೆಯ ಒಂದು ಹೂವು. ಹಿಗ್ಗು ಹೂವಾಗಿ ಉಳಿದಿದೆ.

ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ‘ಗೋಯ್ವು’ ತದ್ಭವ. ಪೋರ್ಚುಗೀಸ್ ವಿದ್ವಾಂಸರು ಲ್ಯಾಟಿನ್ನಿನಿಂದ ನೇರವಾಗಿ ಎತ್ತಿಕೊಂಡ ‘ಗೌದಿಯು’ ಎಂಬ ಪದವೂ ಇದೆ, ಅದು ತತ್ಸಮ. ಸಂಸ್ಕೃತದ ‘ಪರ್ವ’ ನಮ್ಮಲ್ಲಿ ಪರ್ವವಾಗಿಯೂ ಉಳಿದು, ಜನರ ಬಾಯಲ್ಲಿ ‘ಪಬ್ಬ’ವಾಗಿ ಮತ್ತೆ ‘ಹಬ್ಬ’ವೂ ಆಯಿತಲ್ಲ, ಹಾಗೆ. ಮೂರನೆಯದಾಗಿ ನೆರೆಮನೆಯಿಂದ ಬಂದ ‘ಗೋಜ಼ು’. ಒಬ್ಬ ತಾಯಿಯ ಮೂರು ಮಕ್ಕಳು ಒಂದೇ ಭಾಷೆಯಲ್ಲಿ ಮೂರು ದಾರಿಯಿಂದ ಬಂದು ಸೇರಿವೆ.

ಕರಾವಳಿಯ ಓದುಗ:

ನಾನು ಮಂಗಳೂರಿನವನು, ಮನೆಮಾತು ಕೊಂಕಣಿ, ಸಂಜೆಯ ಜಪಮಾಲೆ ಕೇಳುತ್ತಲೇ ಬೆಳೆದವನು. ಈ ಚರ್ಚೆ ಓದುತ್ತಿದ್ದಂತೆ ನನಗೆ ನಮ್ಮ ಮನೆಯ ಪ್ರಾರ್ಥನೆಯೇ ನೆನಪಾಯಿತು. ಜಪಮಾಲೆಯ ಪ್ರಾರ್ಥನೆಗೆ ನಾವು ‘ತೇರ್ಸ್’ ಎನ್ನುತ್ತೇವೆ, ಅದು ಪೋರ್ಚುಗೀಸಿನ ‘ತೇರ್ಸು’, ಮೂರರಲ್ಲೊಂದು ಭಾಗ ಎಂಬ ಅರ್ಥದ್ದು. ಅದರಲ್ಲಿ ಧ್ಯಾನಿಸುವ ರಹಸ್ಯಗಳಿಗೆ ‘ಮಿಸ್ತೆರ್’ ಎನ್ನುತ್ತೇವೆ, ಅದೂ ಪೋರ್ಚುಗೀಸಿನ ‘ಮಿಶ್ತೇರಿಯು’ವಿನಿಂದಲೇ ಬಂದದ್ದು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಪ್ರಾರ್ಥನೆಗಳಲ್ಲಿ ಮೊದಲ ಐದು ರಹಸ್ಯಗಳನ್ನು ಇದೇ ‘ಗೋಜ಼ು’ವಿನಿಂದ ಹುಟ್ಟಿದ ವಿಶೇಷಣದಿಂದ ಕರೆಯುತ್ತಾರೆ. ನಾವು ಮಾತ್ರ ಅವುಗಳನ್ನು ‘ಸಂತೊಸಾಚೆ ಮಿಸ್ತೆರ್’ ಎನ್ನುತ್ತೇವೆ.

ಪಾದ್ರಿ, ಇಗರ್ಜಿ, ತೇರ್ಸ್, ಮಿಸ್ತೆರ್ ಇವೆಲ್ಲ ಹಡಗಿನಲ್ಲಿ ಬಂದವು, ಬಂದ ಹೆಸರಿನಲ್ಲಿಯೇ ಉಳಿದವು. ಸಂತೋಷಕ್ಕೆ ಮಾತ್ರ ನಮ್ಮ ಹಿರಿಯರು ಹೊರಗಿನ ಪದ ತೆಗೆದುಕೊಳ್ಳಲಿಲ್ಲ. ಸಂಸ್ಥೆಯ ಹೆಸರನ್ನು ಕಡ ತರಬಹುದು, ಮನಸ್ಸಿನ ಭಾವಕ್ಕೆ ಮನೆಯಲ್ಲಿ ಮೊದಲೇ ಪದವಿತ್ತು ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಎಲ್ಲ ಕಡೆಯೂ ಹೀಗೆಯೇ ಆಗಿಲ್ಲ ಎಂಬುದೂ ಗಮನಿಸಬೇಕಾದ್ದು. ಫಿಲಿಪ್ಪೀನ್ಸಿನ ಸೆಬುವಿನಲ್ಲಿ ಬಾಲಯೇಸುವಿನ ಮೂರ್ತಿಗೆ ಅಲ್ಲಿಯ ಸೆಬುವಾನೊ ಭಾಷೆಯಲ್ಲಿ ಹಾಡುವ ಸ್ತುತಿಗೀತೆಯನ್ನು ಇಂದಿಗೂ ‘ಗೋಸೊಸ್’ ಎಂದೇ ಕರೆಯುತ್ತಾರೆ. 1521ರಲ್ಲಿ ನಾವಿಕ ಮೆಗಲನ್ ಕೊಟ್ಟ ಮೂರ್ತಿ ಅದು. ಸಾರ್ಡೀನಿಯಾ ದ್ವೀಪದಲ್ಲಿಯೂ ಸಂತರ ಹಬ್ಬದಂದು ಹಾಡುವ ಗೀತೆಗಳಿಗೆ ಸ್ಪ್ಯಾನಿಷ್ ಆಳ್ವಿಕೆಯ ಕಾಲದಿಂದ ‘ಗೋಸೊಸ್’ ಎಂಬ ಹೆಸರೇ ಇದೆ.

ಸಂದೇಹಿ:

ಅರ್ಥದ ಕಡೆಗೆ ಬರೋಣ. ಈ ಪದ ಮೊದಲು ಪವಿತ್ರವಾಗಿತ್ತು, ಆಮೇಲೆ ಜನರ ಬಾಯಲ್ಲಿ ಕೆಳಗಿಳಿದು ಮೈಯ ಸುಖವನ್ನು ಹೇಳತೊಡಗಿತು ಎಂಬ ಚಿತ್ರ ಇಲ್ಲಿಯ ಓದುಗರ ಮನಸ್ಸಿನಲ್ಲಿ ಮೂಡುತ್ತಿರಬಹುದು. ಆ ಚಿತ್ರ ತಪ್ಪು. ಲ್ಯಾಟಿನ್ನಿನಲ್ಲಿಯೇ ಎರಡೂ ಇದ್ದವು.

ಒಂದು ಕಡೆ ತತ್ತ್ವಜ್ಞಾನಿಗಳಿದ್ದರು. ಮನಸ್ಸು ವಿವೇಕಕ್ಕೆ ಒಳಪಟ್ಟು ಶಾಂತವಾಗಿ, ಸ್ಥಿರವಾಗಿ ಹಿಗ್ಗಿದರೆ ಅದು ‘ಗೌದಿಯುಮ್’, ಹಿಡಿತವಿಲ್ಲದೆ ಕುಣಿದಾಡಿದರೆ ಅದು ‘ಲೈತಿತಿಯಾ’ ಎಂದು ಸಿಸೆರೊ ಎರಡನ್ನೂ ಬೇರ್ಪಡಿಸಿದ. ನಿಜವಾದ ‘ಗೌದಿಯುಮ್’ ಎಂಬುದು ಗಂಭೀರವಾದ ಸಂಗತಿ ಎಂದು ಸೆನೆಕ ತನ್ನ 23ನೆಯ ಪತ್ರದಲ್ಲಿ ಬರೆದ. ಇನ್ನೊಂದು ಕಡೆ ಕವಿಗಳಿದ್ದರು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಲುಕ್ರೀಶಿಯಸ್ ಪ್ರೇಮಿಗಳ ಕೂಟವನ್ನು ವರ್ಣಿಸುವಾಗ, ದೇಹವು ತನ್ನ ‘ಗೌದಿಯಾ’ಗಳನ್ನು ಮುನ್ನವೇ ಅರಿಯುವ ಗಳಿಗೆ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳುತ್ತಾನೆ. ಸಿಸೆರೊನ ಕಾಲದವನೇ ಅವನು. ಆದ್ದರಿಂದ ಬ್ರೆಜಿಲ್‌ನ ಆಡುಮಾತು ಪದವನ್ನು ಕೆಡಿಸಿತು ಎನ್ನುವವರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ನೋಡಬೇಕು.

ಸ್ಪೇನಿನ ಸಂತ ಹ್ವಾನ್ ದೆ ಲಾ ಕ್ರೂಸ್ ಹದಿನಾರನೆಯ ಶತಮಾನದಲ್ಲಿ ಈ ಇಬ್ಬಗೆಯನ್ನು ನೇರವಾಗಿ ಎದುರಿಸಿದವರು. ಆತ್ಮದ ನಾಲ್ಕು ಭಾವಗಳಲ್ಲಿ ಅವರು ‘ಗೋಸೊ’ವನ್ನು ಮೊದಲನೆಯದಾಗಿ ಇರಿಸಿ, ಭರವಸೆ, ನೋವು, ಭಯಗಳನ್ನು ಅದರ ನಂತರ ಹೇಳಿದರು. ಆಮೇಲೆ ಅದು ಯಾವ ಯಾವ ವಸ್ತುವಿಗೆ ಅಂಟಿಕೊಳ್ಳುತ್ತದೆ ಎಂದು ಆರು ಬಗೆ ಮಾಡಿದರು: ಲೌಕಿಕ ಸಂಪತ್ತು, ಹುಟ್ಟಿನಿಂದ ಬಂದ ಚೆಲುವು ಮತ್ತು ಗುಣ, ಇಂದ್ರಿಯಗಳ ವಿಷಯ, ನೈತಿಕ ಗುಣ, ಅಲೌಕಿಕ ಶಕ್ತಿ, ಅಧ್ಯಾತ್ಮ. ಇಷ್ಟನ್ನೂ ಹೇಳಲು ಅವರಿಗೆ ಒಂದೇ ಪದ ಸಾಕಾಯಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಅನುವಾದಕಿ (ಧಾರವಾಡ):

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಡುವೆ ಎರಡು ಉಪಪ್ರಶ್ನೆಗಳನ್ನು ಕೇಳಬಹುದೆ? ಸುಖಕ್ಕೆ ಸ್ಪ್ಯಾನಿಷಿನಲ್ಲಿ ‘ಪ್ಲಾಸೆರ್’, ಪೋರ್ಚುಗೀಸಿನಲ್ಲಿ ‘ಪ್ರಜ಼ೇರ್’ ಎಂಬ ಪದಗಳೂ ಇವೆಯಲ್ಲ, ಅವುಗಳಿಗೂ ಇದಕ್ಕೂ ಇರುವ ವ್ಯತ್ಯಾಸವೇನು? ಮಾಲ್ಟಾದ ಪಕ್ಕದ ಗೋಜ಼ೊ ದ್ವೀಪಕ್ಕೂ ಈ ಪದಕ್ಕೂ ಸಂಬಂಧವಿದೆಯೆ?

ಪದಮೂಲ:

ದ್ವೀಪದ ಹಳೆಯ ಹೆಸರು ಗ್ರೀಕರಲ್ಲಿ ‘ಗೌಲೋಸ್’. ಆದ್ದರಿಂದ ಮೂಲದಲ್ಲಿ ಸಂಬಂಧವಿಲ್ಲ, ಹೆಸರಿನ ಈಗಿನ ರೂಪ ಸ್ಪ್ಯಾನಿಷ್ ಪದದಂತೆ ಕೇಳಿಸುತ್ತದೆ ಅಷ್ಟೆ. ಪೋರ್ಚುಗೀಸಿನಲ್ಲಿ ಸಣ್ಣ ಬೀದಿನಾಯಿಗೂ ‘ಗೋಜ಼ು’ ಎನ್ನುವುದುಂಟು. ಅದೂ ಬೇರೆಯೇ ಪದ, ಕತಲಾನಿನಲ್ಲಿ ನಾಯಿಗೆ ಹೇಳುವ ‘ಗೋಸ್’ ಎಂಬುದರ ಬಳಗಕ್ಕೆ ಸೇರಿದ್ದು.

‘ಪ್ಲಾಸೆರ್’ ಮತ್ತು ‘ಪ್ರಜ಼ೇರ್’ ಲ್ಯಾಟಿನ್ನಿನ ‘ಪ್ಲಾಕೇರೆ’, ಅಂದರೆ ಮೆಚ್ಚಿಗೆಯಾಗು, ಹಿತವಾಗು ಎಂಬ ಕ್ರಿಯಾಪದದಿಂದ ಬಂದವು. ಅಲ್ಲಿ ಸುಖ ಹೊರಗಿನಿಂದ ಬಂದು ನಮ್ಮನ್ನು ತಟ್ಟುತ್ತದೆ, ನಮಗೆ ಅದು ಹಿಡಿಸುತ್ತದೆ. ‘ಗೋಸೊ’ ಹಾಗಲ್ಲ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅದನ್ನು, ಬಯಸತಕ್ಕ ವಸ್ತುಗಳು ಕೈಯಲ್ಲಿರುವುದರಿಂದ, ನೆನಪಿನಲ್ಲಿರುವುದರಿಂದ ಅಥವಾ ಬರುವುವೆಂಬ ನಿರೀಕ್ಷೆಯಿಂದ ಆಗುವ ತೃಪ್ತಿಯ ಭಾವ ಎಂದು ವಿವರಿಸುತ್ತದೆ. ಮೊದಲು ಬರುವುದು ವಸ್ತು ಕೈಯಲ್ಲಿರುವುದು. ಹಕ್ಕಿನ ಅರ್ಥ ಎಲ್ಲಿಂದ ಬಂತು ಎಂಬ ಅನುವಾದಕಿಯವರ ಪ್ರಶ್ನೆಗೆ ಉತ್ತರ ಈ ಒಂದು ಮಾತಿನಲ್ಲಿದೆ. ಇದು ಪಡೆದುಕೊಂಡವನ ಸುಖ.

ಸ್ಪ್ಯಾನಿಷಿಗೆ ಇನ್ನೊಂದು ಅನುಕೂಲವಿದೆ. ಅದೇ ಕ್ರಿಯಾಪದದಿಂದ ಅವರು ‘ಗೋಸೆ’ ಎಂಬ ಎರಡನೆಯ ನಾಮಪದವನ್ನೂ ಮಾಡಿಕೊಂಡಿದ್ದಾರೆ. ಕಾನೂನಿನ ಹಕ್ಕು ಮತ್ತು ಮೈಯ ಸುಖ ಹೆಚ್ಚಾಗಿ ‘ಗೋಸೆ’ಯ ಪಾಲಿಗೆ ಹೋಗುತ್ತವೆ, ಭಕ್ತಿಯ ಸಂಭ್ರಮ ‘ಗೋಸೊ’ದಲ್ಲಿ ಉಳಿಯುತ್ತದೆ. ಪೋರ್ಚುಗೀಸಿನಲ್ಲಿ ಈ ಪಾಲು ಆಗಲಿಲ್ಲ, ಎಲ್ಲ ಹೊರೆಯನ್ನೂ ಒಂದೇ ‘ಗೋಜ಼ು’ ಹೊತ್ತಿದೆ. ಫ್ರೆಂಚ್ ಮನೋವಿಶ್ಲೇಷಕ ಲಕಾನ್ ಬಳಸಿದ ‘ಝುಯಿಸಾನ್ಸ್’ ಪದವನ್ನು ಸ್ಪ್ಯಾನಿಷಿನವರು ‘ಗೋಸೆ’ ಎಂದೂ ಪೋರ್ಚುಗೀಸಿನವರು ‘ಗೋಜ಼ು’ ಎಂದೂ ಅನುವಾದಿಸಿದ್ದು ಇದೇ ಕಾರಣಕ್ಕೆ. ಆ ಫ್ರೆಂಚ್ ಪದವೂ ‘ಗೌದೇರೆ’ಯ ಮೊಮ್ಮಗಳೇ, ಅದರಲ್ಲಿಯೂ ಆಸ್ತಿಯ ಅನುಭೋಗ ಮತ್ತು ಮೈಯ ಸುಖ ಎರಡೂ ಇವೆ.

ಶಾಸನಾಸಕ್ತ:

ಇಷ್ಟು ಹೊತ್ತು ಮೌನವಾಗಿ ಓದುತ್ತಿದ್ದೆ. ಪಡೆದುಕೊಂಡವನ ಸುಖ ಎಂಬ ಮಾತು ಬಂದ ಮೇಲೆ ಬರೆಯದೆ ಇರಲಾಗಲಿಲ್ಲ. ಈ ಪದಕ್ಕೆ ಕನ್ನಡದಲ್ಲಿ ಸರಿಸಮನಾದ ಪದ ಇದೆ, ಅದು ‘ಭೋಗ’.

ನಮ್ಮ ದಾನಶಾಸನಗಳನ್ನು ನೋಡಿ. ಭೂಮಿಯನ್ನು ದಾನವಾಗಿ ಕೊಡುವಾಗ ‘ಅಷ್ಟಭೋಗ ತೇಜಸ್ವಾಮ್ಯ’ಸಹಿತವಾಗಿ ಕೊಟ್ಟೆವು ಎಂದು ಬರೆಯುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬುವು ಆ ಎಂಟು ಭೋಗಗಳು. ನೆಲದೊಳಗೆ ಹೂತಿಟ್ಟ ಹಣದಿಂದ ಹಿಡಿದು ಹರಿಯುವ ನೀರು, ಕಲ್ಲು, ಈಗ ಬರುವ ಮತ್ತು ಮುಂದೆ ಬರಬಹುದಾದ ಉತ್ಪತ್ತಿಯವರೆಗೆ ಎಲ್ಲದರ ಮೇಲಿನ ಹಕ್ಕು ಅದು. ಇಲ್ಲಿ ಭೋಗ ಎಂದರೆ ಶುದ್ಧ ಕಾನೂನಿನ ಮಾತು. ಇಂದಿಗೂ ಮನೆಯನ್ನು ಭೋಗ್ಯಕ್ಕೆ ಹಾಕುವುದು, ಭೋಗ್ಯಕ್ಕೆ ಹಿಡಿಯುವುದು ನಮ್ಮ ಊರುಗಳಲ್ಲಿ ನಡೆದೇ ಇದೆ. ಇಡಿಗಂಟು ಕೊಟ್ಟವನು ಹಣ ಮರಳುವವರೆಗೆ ಬಾಡಿಗೆಯಿಲ್ಲದೆ ಮನೆಯನ್ನು ಅನುಭವಿಸುತ್ತಾನೆ.

ಅದೇ ಶಾಸನಗಳಲ್ಲಿ ದೇವರ ‘ಅಂಗಭೋಗ ರಂಗಭೋಗ’ಕ್ಕೆ ದತ್ತಿ ಬಿಟ್ಟ ವಿವರ ಬರುತ್ತದೆ. ಅಭಿಷೇಕ, ಗಂಧ, ಅಲಂಕಾರ ಇವು ಅಂಗಭೋಗ. ಗೀತ, ನೃತ್ಯ, ವಾದ್ಯ ಇವು ರಂಗಭೋಗ. ಇಲ್ಲಿ ಭೋಗ ಪೂಜೆಯ ಮಾತು. ಸ್ತ್ರೀಪುರುಷರ ಸಂಭೋಗದಲ್ಲಿಯೂ ಅದೇ ಪದವಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದೇವಮಾತೆ, ಹಕ್ಕು, ಹಾಸಿಗೆ ಎಂದು ಅನುವಾದಕಿಯವರು ಅಚ್ಚರಿಯಿಂದ ಕೇಳಿದ ಮೂರೂ ನಮ್ಮ ಒಂದು ಪದದಲ್ಲಿ ಸಾವಿರ ವರ್ಷದಿಂದ ಜೊತೆಯಾಗಿಯೇ ಇವೆ. ಆ ಎರಡು ಭಾಷೆಗಳ ‘ಗೋಜ಼ು’ವಿಗೂ ಸಂಸ್ಕೃತದ ಭೋಗಕ್ಕೂ ಪದಮೂಲದ ನಂಟಿಲ್ಲ, ಆದರೂ ಅರ್ಥ ಎರಡು ಕಡೆಯೂ ಒಂದೇ ದಾರಿಯಲ್ಲಿ ನಡೆದಿದೆ.

ವಕೀಲರು, ಹಾಸನ:

ಶಾಸನಾಸಕ್ತರ ಮಾತು ನನಗೆ ಬಹಳ ಹಿಡಿಸಿತು, ಆದರೆ ಇನ್ನೊಂದು ಪದವನ್ನು ಮುಂದಿಡಲು ಅಪ್ಪಣೆ ಬೇಡುತ್ತೇನೆ. ಕ್ರಯಪತ್ರಗಳಲ್ಲಿ ‘ನನ್ನ ಸ್ವಾಧೀನಾನುಭವದಲ್ಲಿರುವ ಸ್ವತ್ತು’ ಎಂದು ನಾವು ದಿನವೂ ಬರೆಯುತ್ತೇವೆ. ಸ್ವಾಧೀನ ಎಂದರೆ ಕೈವಶ, ಅನುಭವ ಎಂದರೆ ಅದರ ಫಲವನ್ನು ಉಣ್ಣುವುದು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಕಾನೂನಿನ ಬರಹದಲ್ಲಿ ಕೈವಶ ಮತ್ತು ‘ಗೋಜ಼ು’ ಎಂದು ಜೊತೆಯಾಗಿ ಬರುವ ಮಾತಿಗೆ ಇದು ತೀರ ಹತ್ತಿರದ್ದು. ‘ಅನುಭವ’ಕ್ಕೂ ಇನ್ನೊಂದು ತುದಿಯಿದೆ, ಶರಣರ ಅನುಭವ ಮಂಟಪದಲ್ಲಿ ಅದು ಅಧ್ಯಾತ್ಮದ ಅತ್ಯುನ್ನತ ಮಾತು. ಕನ್ನಡದಲ್ಲಿ ಭೋಗ ಪದಕ್ಕೆ ಇಂದು ಭೋಗಜೀವನ, ಭೋಗಲಾಲಸೆ ಎಂಬ ಕೆಟ್ಟ ಛಾಯೆ ಅಂಟಿದೆ. ಭಕ್ತಿಗೀತೆಯಲ್ಲಿ ‘ಮೇರಿಯ ಏಳು ಭೋಗಗಳು’ ಎಂದು ಬರೆದರೆ ಓದುಗರು ಬೆಚ್ಚಿಬೀಳುತ್ತಾರೆ. ಅನುಭವ ಪದಕ್ಕೆ ಆ ಕಳಂಕವಿಲ್ಲ.

ಸಂದೇಹಿ:

ವಕೀಲರೇ, ಒಂದು ತೊಡಕು ಉಳಿಯುತ್ತದೆ. ಕನ್ನಡದಲ್ಲಿ ಕಷ್ಟವನ್ನೂ ಅನುಭವಿಸುತ್ತೇವೆ, ಶಿಕ್ಷೆಯನ್ನೂ ಅನುಭವಿಸುತ್ತೇವೆ. ‘ಗೋಸಾರ್’ ಕ್ರಿಯಾಪದವನ್ನು ನೋವಿನ ಜೊತೆ ಹಾಗೆ ಬಳಸಲಾಗದು, ಅದು ಒಳಿತನ್ನು ಮಾತ್ರ ಉಣ್ಣುತ್ತದೆ. ಆರೋಗ್ಯ, ಹೆಸರು, ಹಕ್ಕು, ರಜೆ, ಪ್ರೀತಿ ಇವು ಅದರ ಜೊತೆ ಬರುತ್ತವೆ. ಕರ್ಮಫಲ ಅನುಭವಿಸು ಎನ್ನುವ ನಮ್ಮ ಮಾತಿನ ನೆರಳು ಅಲ್ಲಿ ಇಲ್ಲ. ಭೋಗಕ್ಕೂ ಈ ತೊಡಕು ಇದೆ, ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ನಾಡಿನಲ್ಲಿ ಉಣ್ಣುವುದೇ ಎರಡು ಅಲಗಿನ ಮಾತು.

ಅನುವಾದಕಿ (ಧಾರವಾಡ):

ಎಲ್ಲವನ್ನೂ ಎರಡೆರಡು ಬಾರಿ ಓದಿದೆ. ಒಂದೇ ಪದದ ಹಂಬಲವನ್ನು ಬಿಟ್ಟಿದ್ದೇನೆ, ಏಕೆಂದರೆ ಮೂಲದ ಓದುಗರಿಗೂ ಮೂರು ಅರ್ಥಗಳು ಒಂದೇ ಕ್ಷಣದಲ್ಲಿ ಎದುರಾಗುವುದಿಲ್ಲ, ಸಂದರ್ಭವೇ ಒಂದನ್ನು ಮುಂದೆ ತಂದು ಉಳಿದವನ್ನು ಹಿಂದಕ್ಕೆ ಸರಿಸುತ್ತದೆ. ಅಧಿಸೂಚನೆಯಲ್ಲಿ ‘ಪೌರಹಕ್ಕುಗಳನ್ನು ಪೂರ್ಣವಾಗಿ ಅನುಭವಿಸುತ್ತಿರುವವರು’ ಎಂದು ಬರೆಯುತ್ತೇನೆ, ಹಕ್ಕು ಎಂಬ ಮಾತು ಪಕ್ಕದಲ್ಲಿರುವಾಗ ಸಂದೇಹಿಯವರು ಹೇಳಿದ ಕಷ್ಟದ ನೆರಳು ಬೀಳುವುದಿಲ್ಲ. ಸಣ್ಣಕತೆಯಲ್ಲಿ ‘ಭೋಗ’ ಬಳಸದೆ ‘ಸುಖ’ವನ್ನೇ ಬಳಸುತ್ತೇನೆ, ಆಡುಮಾತಿನ ಸಲಿಗೆ ಅದರಲ್ಲಿದೆ. ಭಕ್ತಿಗೀತೆಗೆ ‘ಹಿಗ್ಗು’ ಎಂದು ಇಡುವ ಮನಸ್ಸಾಗಿದೆ. ಆನಂದಕ್ಕೆ ವೇದಾಂತದ ಭಾರವಿದೆ, ಸಂತೋಷ ಬಳಸಿ ಬಳಸಿ ತೆಳುವಾಗಿದೆ. ಹಿಗ್ಗು ಎಂದರೆ ಒಳಗಿನಿಂದ ಅರಳಿ ದೊಡ್ಡದಾಗುವುದು, ದೇವದೂತನ ಮಾತು ಕೇಳಿ ತಾಯಿಯಾಗಲಿರುವ ಹೆಣ್ಣುಮಗಳಿಗೆ ಅದು ಒಪ್ಪುತ್ತದೆ. ಕರಾವಳಿಯ ಓದುಗರು ಈ ಆಯ್ಕೆಯ ಬಗ್ಗೆ ತಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.

ಪದಮೂಲ ಅವರು ಹೇಳಿದ ಅಕಾಡೆಮಿಯ ನಿಘಂಟನ್ನು ತೆರೆದಾಗ ಇನ್ನೊಂದು ಅರ್ಥವೂ ಕಣ್ಣಿಗೆ ಬಿತ್ತು. ಸಣ್ಣ ಒಣಕಡ್ಡಿಗಳಿಗೆ ಬೆಂಕಿ ತಗುಲಿದಾಗ ಒಮ್ಮೆಲೇ ಮೇಲಕ್ಕೇಳುವ ಜ್ವಾಲೆಗೂ ಸ್ಪ್ಯಾನಿಷಿನಲ್ಲಿ ‘ಗೋಸೊ’ ಎನ್ನುತ್ತಾರಂತೆ.

ಶಾಸನಾಸಕ್ತ:

ಹಿಗ್ಗು ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ, ಭೋಗದ ಪರವಾಗಿ ಇನ್ನು ವಾದಿಸುವುದಿಲ್ಲ. ಆ ಜ್ವಾಲೆಯ ಅರ್ಥಕ್ಕೆ ಪದ ಹುಡುಕುವ ಕಷ್ಟ ನಿಮಗೆ ಬೇಡ.

ನಮ್ಮ ಅಜ್ಜಿ ಒಲೆಯ ಉರಿ ಹಾಗೆ ಸದ್ದು ಮಾಡುತ್ತಾ ಮೇಲೆದ್ದಾಗಲೆಲ್ಲ, ಒಲೆ ನಗುತ್ತಿದೆ, ಯಾರೋ ನೆಂಟರು ಬರುತ್ತಾರೆ, ಅಕ್ಕಿ ಒಂದು ಪಾವು ಹೆಚ್ಚು ಹಾಕು ಎನ್ನುತ್ತಿದ್ದರು.